ಅರ್ಜಿ ನಿಂತದ್ದೆಲ್ಲಿ? ಯುವನಿಧಿ, ವಿಕಲಚೇತನರ ಪಿಂಚಣಿ ಮತ್ತು ನಮ್ಮ ಹೆಸರಿನ ಸ್ಪೆಲ್ಲಿಂಗ್

ಮದ್ರಸ ಬಿಟ್ಟ ಮೇಲೆ ಹೆತ್ತವರು ಉಸ್ತಾದರ ಹತ್ತಿರ ತರುವ ಪ್ರಶ್ನೆಗಳು ಈಗ ಬದಲಾಗಿವೆ. ಮೊದಲು ಝಕಾತಿನ ಲೆಕ್ಕ, ಮಗುವಿಗೆ ಇಡುವ ಹೆಸರು, ಮದುವೆಯ ದಿನ ಕೇಳುತ್ತಿದ್ದರು. ಈಗ ಮೊಬೈಲ್ ಮುಂದೆ ಹಿಡಿದು, "ಉಸ್ತಾದರೇ, ಇದರಲ್ಲಿ ಕೆಂಪಕ್ಷರದಲ್ಲಿ ಎಂತ ಬರೆದಿದೆ ನೋಡಿ" ಅನ್ನುತ್ತಾರೆ. ಮಗಳು ಬಿ.ಕಾಂ. ಮುಗಿಸಿ ಕೆಲಸ ಸಿಗದೆ ಕೂತಿದ್ದಾಳೆ, ಯುವನಿಧಿಗೆ ಹಾಕಿದ್ದಾರೆ, 'ದಾಖಲೆ ಕಂಡುಬಂದಿಲ್ಲ' ಅಂತ ಬಂದಿದೆ. ಇನ್ನೊಬ್ಬರ ಮಗನಿಗೆ ನಡೆಯಲು ಆಗುವುದಿಲ್ಲ, ಪಿಂಚಣಿಗೆ ಅರ್ಜಿ ಕೊಟ್ಟಿದ್ದಾರೆ, 'ಹೆಸರು ತಾಳೆಯಾಗುತ್ತಿಲ್ಲ' ಅಂತ ಬಂದಿದೆ. ಎರಡೂ ಮನೆಯವರು ಇದನ್ನು ಒಂದೇ ರೀತಿ ಅರ್ಥ ಮಾಡಿಕೊಂಡಿದ್ದಾರೆ: ಸರಕಾರ ನಮಗೆ ಕೊಡುವುದಿಲ್ಲ ಅಂದಿದೆ.

ಸರಕಾರ ಹಾಗೆ ಅಂದಿಲ್ಲ. ಕಂಪ್ಯೂಟರಿನಲ್ಲಿ ಎರಡು ಕಡೆಯ ಬರಹ ಹೊಂದಿಲ್ಲ, ಅಷ್ಟೇ. ಒಬ್ಬ ಅಧಿಕಾರಿ ಅರ್ಜಿ ಓದಿ, ಕಾರಣ ಬರೆದು, ಸಹಿ ಹಾಕಿ ತಿರಸ್ಕರಿಸಿದರೆ ಅದು ತಿರಸ್ಕಾರ. ಅದರ ಮೇಲೆ ಮೇಲ್ಮನವಿ ಹೋಗಬಹುದು. ಸ್ಕ್ರೀನಿನ ಮೇಲೆ ಬಂದ ಕೆಂಪು ಸಾಲಿಗೆ ಸಹಿಯೂ ಇಲ್ಲ, ಸೀಲೂ ಇಲ್ಲ. ಅರ್ಜಿ ಒಳಗೇ ಹೋಗಿರುವುದಿಲ್ಲವಾದ್ದರಿಂದ ಯಾವ ಲೆಕ್ಕದಲ್ಲೂ ಅದು 'ತಿರಸ್ಕೃತ' ಅಂತ ಸೇರುವುದೂ ಇಲ್ಲ. ಹೀಗೆ ಬಾಗಿಲಲ್ಲೇ ನಿಂತು ವಾಪಸ್ ಹೋದವರು ಎಷ್ಟು ಮಂದಿ ಎಂದು ಯಾವ ಇಲಾಖೆಯ ಪಟ್ಟಿಯಲ್ಲೂ ಕಾಣುವುದಿಲ್ಲ. ಮೊದಲು ಅರ್ಹನಾಗಿದ್ದೇನೆ ಎಂದು ತೋರಿಸಿದರೆ ಸಾಕಿತ್ತು. ಈಗ ಬೇರೆ ಬೇರೆ ಕಚೇರಿಯವರು ಬೇರೆ ಬೇರೆ ವರ್ಷದಲ್ಲಿ ಬರೆದ ದಾಖಲೆಗಳೆಲ್ಲ ಒಂದೇ ರೀತಿ ಇವೆ ಎಂದೂ ನಾವೇ ತೋರಿಸಬೇಕು. ತಪ್ಪು ಬರೆದದ್ದು ಯಾರೋ, ತಿದ್ದಲು ಓಡಾಡುವುದು ನಾವು. ಇದು ಸರಿಯಲ್ಲ ಎಂದು ಹೇಳಲೇಬೇಕು. ಆದರೆ ಸರಿಯಾಗುವ ತನಕ ಮಕ್ಕಳ ಹಣ ಬಿಟ್ಟು ಕೂರಲು ಆಗುತ್ತದೆಯೇ?

ಒಂದು ವಿಷಯ ಅರ್ಥವಾದರೆ ಅರ್ಧ ದಾರಿ ಮುಗಿದ ಹಾಗೆ. ಸೇವಾಸಿಂಧು ಪೋರ್ಟಲ್‌ಗೆ ಸ್ವಂತವಾಗಿ ನಮ್ಮ ಬಗ್ಗೆ ಏನೂ ಗೊತ್ತಿಲ್ಲ. ಅದು ಬೇರೆಯವರನ್ನು ಕೇಳುತ್ತದೆ. ಹೆಸರು, ಹುಟ್ಟಿದ ದಿನಕ್ಕೆ ಆಧಾರ್ ಅನ್ನು ಕೇಳುತ್ತದೆ. ಪದವಿಗೆ ಎನ್‌ಎಡಿ ಎಂಬ ರಾಷ್ಟ್ರೀಯ ಶೈಕ್ಷಣಿಕ ಭಂಡಾರವನ್ನು, ಆದಾಯಕ್ಕೆ ನಾಡಕಚೇರಿಯ ಆರ್‌ಡಿ ನಂಬರನ್ನು, ಹಣ ಹಾಕುವುದಕ್ಕೆ ಎನ್‌ಪಿಸಿಐ ಪಟ್ಟಿಯನ್ನು ಕೇಳುತ್ತದೆ. ಎರರ್ ಬಂದಿದೆ ಅಂದರೆ ಇವರಲ್ಲಿ ಒಬ್ಬರು 'ಗೊತ್ತಿಲ್ಲ' ಅಥವಾ 'ನನ್ನಲ್ಲಿ ಬೇರೆ ಇದೆ' ಅಂದಿದ್ದಾರೆ. ಯಾರು ಹಾಗೆ ಅಂದದ್ದು ಎಂಬುದನ್ನು ಹಿಡಿಯಬೇಕು. ಅದು ಬಿಟ್ಟು ಅದೇ ಅರ್ಜಿಯನ್ನು ಹತ್ತು ಸಲ ಹಾಕಿದರೆ ಹತ್ತು ಸಲವೂ ಅದೇ ಉತ್ತರ.

ಪೋರ್ಟಲ್‌ನದ್ದೇ ತೊಂದರೆಯೂ ಇರುತ್ತದೆ, ಇಲ್ಲವೆಂದಲ್ಲ. ಚಕ್ರ ತಿರುಗುತ್ತಾ ನಿಲ್ಲುವುದು, 'ಸೆಷನ್ ಮುಗಿದಿದೆ' ಅನ್ನುವುದು, ಫೋಟೋ ಇಷ್ಟೇ ಕೆಬಿ ಇರಬೇಕು ಅನ್ನುವುದು. ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಸುಬ್‌ಹಿ ನಮಾಝ್ ಮುಗಿಸಿ ಕೂತರೆ ಹೊತ್ತೇರಿದ ಮೇಲಿನ ನೂಕುನುಗ್ಗಲು ಇರುವುದಿಲ್ಲ. ದಾಖಲೆಗಳನ್ನು ಮೊದಲೇ ಸಣ್ಣ ಸೈಜ್ ಮಾಡಿ ಇಟ್ಟುಕೊಳ್ಳಿ. ನಡುವೆ ಹಿಂದಿನ ಪುಟಕ್ಕೆ ಹೋಗುವ ಬಟನ್ ಒತ್ತಬೇಡಿ. ಬೇರೆ ಸೇವೆಗಳಿಗೆ ಶುಲ್ಕ ಕಟ್ಟುವಾಗ ಹಣ ಹೋಗಿ ರಶೀದಿ ಬಾರದಿದ್ದರೆ ಕೂಡಲೇ ಎರಡನೇ ಸಲ ಕಟ್ಟದೆ, ಮೊದಲು ಅರ್ಜಿಯ ಸ್ಥಿತಿ ನೋಡಿ. ಯುವನಿಧಿ ಅರ್ಜಿಗೆ ಸರಕಾರದ ಶುಲ್ಕವೇ ಇಲ್ಲ ಎಂಬುದೂ ನೆನಪಿರಲಿ.

ಹೆಸರು ಒಂದೇ, ಬರೆದದ್ದು ನಾಲ್ಕು

ನಮ್ಮಲ್ಲಿ ಅತಿ ಹೆಚ್ಚು ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಮುಹಮ್ಮದ್ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಒಂದು ದಾಖಲೆಯಲ್ಲಿ 'ಯು' ಹಾಕಿ, ಇನ್ನೊಂದರಲ್ಲಿ 'ಒ' ಹಾಕಿ, ಮತ್ತೊಂದರಲ್ಲಿ ಬರೀ 'ಎಂಡಿ' ಎಂಬ ಎರಡಕ್ಷರದಲ್ಲಿ ಬರೆದಿರುತ್ತಾರೆ. ಅಬೂಬಕರ್‌ಗೆ ಒಂದು ಕಡೆ ಒಂದು 'ಕೆ', ಇನ್ನೊಂದು ಕಡೆ ಎರಡು. ಫಾತಿಮ, ಫಾತಿಮಾ, ಫಾತಿಮತ್ ಮೂರೂ ಒಬ್ಬಳೇ ಹುಡುಗಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಹಿಂದೆ. ಮದುವೆಯಾದ ಮೇಲೆ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು. ಶಾಲೆಗೆ ಸೇರಿಸುವಾಗ ಅಜ್ಜ ಹೇಳಿದ ಹೆಸರೇ ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು. ಮನುಷ್ಯ ಓದಿದರೆ ಒಬ್ಬರೇ ಎಂದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಯಂತ್ರಕ್ಕೆ ಒಂದಕ್ಷರ ಹೆಚ್ಚಾದರೆ ಬೇರೆ ಮನುಷ್ಯ.

ಇಲ್ಲಿ ಯಾವುದನ್ನು ತಿದ್ದಬೇಕು ಎಂಬುದು ಮುಖ್ಯ. ಕಂಡದ್ದನ್ನೆಲ್ಲ ತಿದ್ದಲು ಹೋದರೆ ಇನ್ನೂ ಗೋಜಲು. ಎಸೆಸೆಲ್ಸಿ ಮಾರ್ಕ್ಸ್ ಕಾರ್ಡ್ ಇದ್ದವರು ಅದನ್ನೇ ಬುಡವಾಗಿ ಇಟ್ಟುಕೊಳ್ಳಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದು ಶಾಲೆಯಿಂದ ಮಂಡಳಿಯ ತನಕ ಹೋಗುವ ದೂರದ ದಾರಿ. ಆಧಾರ್ ತಿದ್ದಿಸುವುದು ಅದಕ್ಕಿಂತ ಹತ್ತಿರ. ಆದರೆ ಆಧಾರ್‌ನಲ್ಲೂ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ಬದಲಾಯಿಸಲು ಬಿಡುತ್ತಾರೆ. ಆದ್ದರಿಂದ ಕೇಂದ್ರದಲ್ಲಿ ಆಪರೇಟರ್ ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲಿ ಅಕ್ಷರ ಅಕ್ಷರ ಓದಿ, ನಂತರವೇ 'ಸರಿ' ಅನ್ನಿ. ಕುರ್‌ಆನ್ ಓದುವಾಗ ಒಂದು ಹರಕತ್ ತಪ್ಪಿದರೆ ಮಕ್ಕಳನ್ನು ನಿಲ್ಲಿಸಿ ತಿದ್ದುತ್ತೇವೆ. ಆ ಜಾಗ್ರತೆಯ ಕಾಲು ಭಾಗ ಇಲ್ಲಿ ಸಾಕು.

ಮಗುವಿಗೆ ಈಗ ಜನನ ಪತ್ರ ಮಾಡಿಸುತ್ತಿರುವವರು ದಯವಿಟ್ಟು ಅಜ್ಜ, ಮಾವ, ಚಿಕ್ಕಪ್ಪ ಎಲ್ಲರ ಹೆಸರನ್ನೂ ಒಂದರಲ್ಲೇ ಸೇರಿಸಬೇಡಿ. ಹೆಸರು ಉದ್ದವಾದಷ್ಟು ಮುಂದೆ ತಪ್ಪಾಗುವ ಜಾಗವೂ ಹೆಚ್ಚು.

ಒಟಿಪಿ ಯಾರ ಮೊಬೈಲ್‌ಗೆ?

ಎರಡನೇ ಗಂಟು ಮೊಬೈಲ್ ನಂಬರ್. ಆಧಾರ್ ಮಾಡಿಸಿದಾಗ ಕೊಟ್ಟ ನಂಬರ್ ಯಾರದ್ದು ಎಂದು ಎಷ್ಟೋ ಉಮ್ಮಂದಿರಿಗೆ ಗೊತ್ತೇ ಇಲ್ಲ. ಹೆಚ್ಚಾಗಿ ಗಂಡನದ್ದು. ಗಂಡ ದಮ್ಮಾಮ್‌ನಲ್ಲೋ ದುಬೈಯಲ್ಲೋ ಇದ್ದಾರೆ. ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿದೆ. ತಿಂಗಳುಗಟ್ಟಲೆ ಬಳಸದ ನಂಬರನ್ನು ಕಂಪೆನಿಯವರು ಕಡಿದು ಬೇರೆಯವರಿಗೆ ಕೊಡುತ್ತಾರೆ. ಆಗ ನಿಮ್ಮ ಒಟಿಪಿ ಎಲ್ಲೋ ಯಾರಿಗೋ ಹೋಗುತ್ತಾ ಇರುತ್ತದೆ. ಇದು ಅರ್ಜಿಯ ತೊಂದರೆ ಮಾತ್ರವಲ್ಲ, ಅಪಾಯವೂ ಹೌದು. ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಿಸಲು ಯಾವ ಕಾಗದವೂ ಬೇಡ, ಕೇಂದ್ರಕ್ಕೆ ಹೋದರೆ ಸಾಕು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡುವ ವ್ಯವಸ್ಥೆಯೂ ಇದೆ. ಹಾಸಿಗೆ ಹಿಡಿದವರಿಗೆ, ನಡೆಯಲಾಗದವರಿಗೆ ಇದು ದೊಡ್ಡ ಉಪಕಾರ, ಆದರೆ ಕೇಳುವವರೇ ಕಡಿಮೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕೆಲವು ಸೈಬರಿನವರು ಅವಸರದಲ್ಲಿ ಅರ್ಜಿಗೆ ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ಲಾಗಿನ್ ಅವರ ಕೈಯಲ್ಲಿ, ಪಾಸ್‌ವರ್ಡ್ ಅವರ ಕೈಯಲ್ಲಿ. ಆಮೇಲೆ ಪ್ರತಿ ಸಲ ಅರ್ಜಿಯ ಸ್ಥಿತಿ ನೋಡಬೇಕಾದರೂ ಅವರ ಅಂಗಡಿಗೆ ಹೋಗಬೇಕು, ಅವರು ಅಂಗಡಿ ಮುಚ್ಚಿದರೆ ನಮ್ಮ ಅರ್ಜಿಯೂ ಮುಚ್ಚಿದ ಹಾಗೆ. ಎಲ್ಲರೂ ಹೀಗೆ ಅಂತ ಹೇಳುವುದಿಲ್ಲ, ಉಚಿತವಾಗಿ ಕೂರಿಸಿ ಮಾಡಿಕೊಡುವ ಒಳ್ಳೆಯ ಹುಡುಗರೂ ಇದ್ದಾರೆ. ಆದರೂ ಅರ್ಜಿಯ ನಕಲು, ಅರ್ಜಿ ನಂಬರ್, ಕೊಟ್ಟ ಮೊಬೈಲ್ ನಂಬರ್ ಈ ಮೂರನ್ನು ನೋಡದೆ ಅಂಗಡಿಯಿಂದ ಎದ್ದು ಬರಬೇಡಿ. ಗ್ರಾಮ ಒನ್, ಕರ್ನಾಟಕ ಒನ್, ಪಂಚಾಯತಿನ ಬಾಪೂಜಿ ಸೇವಾ ಕೇಂದ್ರ ಇದ್ದಲ್ಲಿ ಅಲ್ಲಿಗೇ ಹೋಗುವುದು ಒಳ್ಳೆಯದು. ಅಲ್ಲಿ ಕೊಟ್ಟದ್ದಕ್ಕೆ ರಶೀದಿ ಇರುತ್ತದೆ.

ಬೆರಳಚ್ಚು ಬೀಳದ ಸಮಸ್ಯೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ವರ್ಷಾನುಗಟ್ಟಲೆ ಬೀಡಿ ಕಟ್ಟಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ಬೆರಳು ಬೀಳದಿದ್ದರೆ ಕಣ್ಣಿನ ಪಾಪೆ, ಅದೂ ಆಗದಿದ್ದರೆ ಮುಖ ತೋರಿಸಿ ದೃಢೀಕರಿಸುವ ದಾರಿ ಇದೆ. ಆಪರೇಟರ್ 'ಆಗುವುದಿಲ್ಲ' ಅಂದರೆ ಬೇರೆ ವಿಧಾನದಲ್ಲಿ ನೋಡಿ ಎಂದು ಹೇಳಿ. ಮಕ್ಕಳಿಗೆ 5 ವರ್ಷ ಮತ್ತು 15 ವರ್ಷ ತುಂಬಿದಾಗ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಕೊಡಬೇಕು. ಅದನ್ನು ಮಾಡಿಸದೆ ಬಿಟ್ಟ ಅಂಗವಿಕಲ ಮಗುವಿನ ಅರ್ಜಿ ಮುಂದೆ ಎಲ್ಲೋ ಒಂದು ಕಡೆ ನಿಂತೇ ನಿಲ್ಲುತ್ತದೆ.

ಯುವನಿಧಿ: ಎರರ್ ಯಾವುದು, ನಿಯಮ ಯಾವುದು

ಯುವನಿಧಿಯ ನೋಂದಣಿ 2023ರ ಡಿಸೆಂಬರ್ 26ರಂದು ಶುರುವಾಯಿತು, ಹಣ ಕೊಡಲು ಆರಂಭಿಸಿದ್ದು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ. ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಆದವರಿಗೆ 1,500 ರೂ., ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಲೂ ಇರಬಾರದು. 2022-23ರಲ್ಲಿ ಪಾಸಾದವರಿಂದ ಆರಂಭಿಸಿ ನಂತರದ ವರ್ಷದವರಿಗೂ ವಿಸ್ತರಿಸಿದ್ದಾರೆ.

ಇಲ್ಲಿ ಹೆಚ್ಚಿನವರು ಬೀಳುವುದು ಎನ್‌ಎಡಿಯಲ್ಲಿ. ಹುಡುಗಿಯ ಕೈಯಲ್ಲಿ ಪದವಿ ಪತ್ರ ಇದೆ, ಫ್ರೇಮ್ ಹಾಕಿ ಗೋಡೆಗೆ ತೂಗಿಸಿದ್ದಾರೆ. ಆದರೆ ವಿಶ್ವವಿದ್ಯಾನಿಲಯದಿಂದ ಅದು ಡಿಜಿಲಾಕರ್‌ನ ಭಂಡಾರಕ್ಕೆ ಹೋಗಿಲ್ಲದಿದ್ದರೆ ಪೋರ್ಟಲ್‌ಗೆ ಆಕೆ ಪದವೀಧರೆಯೇ ಅಲ್ಲ. ಅಥವಾ ಹೋಗಿದೆ, ಹೆಸರು ಆಧಾರ್‌ನ ಹಾಗೆ ಇಲ್ಲ. ಇದನ್ನು ಸೈಬರಿನವರು ಸರಿಮಾಡಲಾರರು, ತಹಶೀಲ್ದಾರರೂ ಮಾಡಲಾರರು. ಮೊದಲು ಡಿಜಿಲಾಕರ್‌ಗೆ ಹೋಗಿ ನಿಮ್ಮ ಮಾರ್ಕ್ಸ್ ಕಾರ್ಡ್, ಪದವಿ ಪತ್ರ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕಾಲೇಜಿನ ಕಚೇರಿ, ಅಲ್ಲಿಂದ ವಿವಿಯ ಪರೀಕ್ಷಾಂಗ ಕುಲಸಚಿವರ ಕಚೇರಿ. ಮಂಗಳೂರು ವಿವಿಯವರಾದರೆ ಕೊಣಾಜೆ. ರಿಜಿಸ್ಟರ್ ನಂಬರ್, ಪಾಸಾದ ವರ್ಷ, ಆಧಾರ್ ನಕಲು, ಎರರ್ ಬಂದ ಸ್ಕ್ರೀನಿನ ಫೋಟೋ ಇಷ್ಟನ್ನು ಲಿಖಿತ ಮನವಿಯ ಜೊತೆ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿ ತನ್ನಿ. ಬಾಯಲ್ಲಿ ಹೇಳಿ ಬಂದರೆ ಗಾಳಿಗೆ ಹೇಳಿದ ಹಾಗೆ.

ಇನ್ನು ಕೆಲವು ಎರರ್‌ಗಳು ಎರರ್ ಅಲ್ಲ, ನಿಯಮವೇ. ಪದವಿ ಅಥವಾ ಡಿಪ್ಲೊಮಾ ತನಕ ಕನಿಷ್ಠ 6 ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬ ಷರತ್ತು ಇದೆ. ಗಲ್ಫಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ತರಗತಿ ಮುಗಿಸಿ ಊರಿಗೆ ಬಂದು ಮೂರು ವರ್ಷ ಡಿಗ್ರಿ ಮಾಡಿದ ಮಕ್ಕಳು ಇದರಲ್ಲಿ ಹೊರಗೆ ಉಳಿಯುತ್ತಾರೆ. ಉಪ್ಪಳ, ಮಂಜೇಶ್ವರದ ಕಡೆ ಶಾಲೆ ಕಲಿತು ಮಂಗಳೂರಿನಲ್ಲಿ ಕಾಲೇಜು ಓದಿದವರದ್ದೂ ಇದೇ ಲೆಕ್ಕ. ತಲಪಾಡಿಯ ಆಚೆಗೂ ಈಚೆಗೂ ಸಂಬಂಧ ಇರುವ ನಮ್ಮ ಮನೆಗಳಲ್ಲಿ ಇಂಥ ಮಕ್ಕಳು ಬೇಕಾದಷ್ಟಿದ್ದಾರೆ. ಈ ನಿಯಮ ನಮಗೆ ಸರಿ ಕಾಣದಿರಬಹುದು, ಶಾಸಕರ ಹತ್ತಿರ ಹೇಳಬಹುದು, ಆದರೆ ಅರ್ಜಿ ತಿದ್ದಿ ತಿದ್ದಿ ಹಾಕುವುದರಿಂದ ಪ್ರಯೋಜನವಿಲ್ಲ. ದರ್ಸ್, ಶರೀಅತ್ ಕಾಲೇಜಿನ ಬಿರುದು ಪಡೆದ ನಮ್ಮ ಹುಡುಗರು ನನ್ನಲ್ಲಿ ಕೇಳುವುದುಂಟು. ಆ ಬಿರುದಿಗೆ ಈ ಯೋಜನೆಯಲ್ಲಿ ಲೆಕ್ಕವಿಲ್ಲ. ಜೊತೆಗೆ ವಿವಿಯ ಡಿಗ್ರಿಯೂ ಮಾಡಿದವರು ಆ ಡಿಗ್ರಿಯ ಮೇಲೆ ಅರ್ಜಿ ಹಾಕಬಹುದು.

ಒಮ್ಮೆ ಮಂಜೂರಾದ ಮೇಲೂ ಹಣ ನಿಲ್ಲುವುದಕ್ಕೆ ಮುಖ್ಯ ಕಾರಣ ಸ್ವಯಂ ಘೋಷಣೆ. 'ನಾನು ಇನ್ನೂ ನಿರುದ್ಯೋಗಿ, ಓದುತ್ತಿಲ್ಲ' ಎಂದು ನಿಗದಿತ ಅವಧಿಯಲ್ಲಿ ಪೋರ್ಟಲ್‌ಗೆ ಹೋಗಿ ಮತ್ತೆ ಮತ್ತೆ ಹೇಳಬೇಕು. ಹೇಳದಿದ್ದರೆ ಆ ಅವಧಿಯ ಹಣ ಇಲ್ಲ. ಎಷ್ಟೋ ಮಂದಿ ಒಂದೆರಡು ಕಂತು ಬಂದು ನಿಂತಿತು ಅನ್ನುತ್ತಾರೆ, ಕೇಳಿದರೆ ಘೋಷಣೆಯನ್ನೇ ಕೊಟ್ಟಿರುವುದಿಲ್ಲ. ಇದರ ಇನ್ನೊಂದು ಬದಿಯೂ ಇದೆ. ಕೆಲಸಕ್ಕೆ ಸೇರಿದ ಮೇಲೂ 'ಕೆಲಸವಿಲ್ಲ' ಎಂದು ಒತ್ತುವವರಿದ್ದಾರೆ. ಕಂಪ್ಯೂಟರ್ ಮುಂದೆ ಹೇಳಿದರೂ ಸುಳ್ಳು ಸುಳ್ಳೇ, ಆ ಹಣ ಹಲಾಲ್ ಆಗುವುದಿಲ್ಲ. ಸಿಕ್ಕಿಬಿದ್ದರೆ ಕಾನೂನು ಕ್ರಮವೂ ಇದೆ.

ನಿರುದ್ಯೋಗ ಭತ್ತೆಯ ಮಾತು ಬಂದದ್ದರಿಂದ ಯುಎಇಯಲ್ಲಿರುವ ನಮ್ಮವರ ಬಗ್ಗೆ ಒಂದು ಮಾತು. 2023ರ ಜನವರಿಯಿಂದ ಅಲ್ಲಿ ಉದ್ಯೋಗ ನಷ್ಟದ ವಿಮೆ ಕಡ್ಡಾಯ. ಮೂಲ ವೇತನ 16,000 ದಿರ್ಹಮ್ ಒಳಗಿದ್ದರೆ ತಿಂಗಳಿಗೆ 5 ದಿರ್ಹಮ್ ಕಂತು. ಸತತ 12 ತಿಂಗಳು ಕಟ್ಟಿದವರಿಗೆ, ಶಿಸ್ತು ಕ್ರಮದಿಂದಲ್ಲದೆ, ರಾಜೀನಾಮೆಯಿಂದಲ್ಲದೆ ಕೆಲಸ ಹೋದರೆ ಮೂಲ ವೇತನದ ಶೇ. 60ರಷ್ಟು ಮೂರು ತಿಂಗಳ ತನಕ ಸಿಗುತ್ತದೆ. ಆದರೆ ಕೆಲಸ ಹೋದ 30 ದಿನದೊಳಗೆ ಆನ್‌ಲೈನಿನಲ್ಲಿ ಕ್ಲೈಮ್ ಹಾಕಬೇಕು, ಆ ದೇಶದಲ್ಲೇ ಇರಬೇಕು. ಬೇಸರದಲ್ಲಿ ಮೊದಲ ವಿಮಾನ ಹತ್ತಿ ಬಂದು ಬಜ್ಪೆಯಲ್ಲಿ ಇಳಿದ ಮೇಲೆ ಕ್ಲೈಮ್ ನೆನಪಾದರೆ ಪ್ರಯೋಜನವಿಲ್ಲ.

ಮಂಜೂರಾಗಿದೆ, ಹಣ ಬಂದಿಲ್ಲ

ಇದು ಬ್ಯಾಂಕಿನ ಕಥೆ, ಯುವನಿಧಿಗೂ ಪಿಂಚಣಿಗೂ ಸಮಾನ. "ನಮ್ಮ ಪಾಸ್‌ಬುಕ್‌ಗೆ ಆಧಾರ್ ಲಿಂಕ್ ಆಗಿದೆ ಉಸ್ತಾದರೇ" ಅನ್ನುತ್ತಾರೆ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಬ್ಯಾಂಕಿಗೆ ಗುರುತಿಗಾಗಿ ಆಧಾರ್ ಕೊಟ್ಟದ್ದು ಲಿಂಕ್. ಸರಕಾರದ ಹಣ ಈ ಖಾತೆಗೇ ಬರಲಿ ಎಂದು ಎನ್‌ಪಿಸಿಐ ಪಟ್ಟಿಯಲ್ಲಿ ಬರೆಸುವುದು ಸೀಡಿಂಗ್. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಖಾತೆ. ಕೊನೆಗೆ ಯಾವುದು ಸೀಡ್ ಆಯಿತೋ ಅದಕ್ಕೇ ಹಣ. ಎಂದೋ ಒಂದು ದಿನ ಸಿಮ್ ತೆಗೆಯುವಾಗಲೋ ಮೊಬೈಲ್ ಆ್ಯಪ್ ಹಾಕುವಾಗಲೋ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ ಕೂತಿರಬಹುದು. ಆಧಾರ್ ವೆಬ್‌ಸೈಟಿನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಸರಕಾರದ 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವ ದಿನ ಯಾವ ಖಾತೆಗೆ ಹೋಯಿತು ಎಂದೂ ಇರುತ್ತದೆ. ಅಲ್ಲಿ ಬೇರೆ ಬ್ಯಾಂಕ್ ಕಂಡರೆ, ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಸೀಡಿಂಗ್ ಅರ್ಜಿ ಎಂದೇ ಕೇಳಿ ತುಂಬಿ ಕೊಡಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸಂಗತಿ ಸೇರಿಕೊಂಡಿದೆ. ಇಲ್ಲೇ ಹುಟ್ಟಿದ ಮೂರು ಬ್ಯಾಂಕುಗಳು ಈಗ ಆ ಹೆಸರಿನಲ್ಲಿ ಇಲ್ಲ. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ, ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕ್ ಅದು, ಹೆಸರು ಹೋದದ್ದು ಹಳಬರಿಗೆ ಈಗಲೂ ಬೇಸರ. ಅದಿರಲಿ. ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಬರೆದು ಕೊಟ್ಟ ಅರ್ಜಿಯಲ್ಲಿ ಆ ಕೋಡ್ ಈಗ ನಡೆಯುವುದಿಲ್ಲ. ಪೆಟ್ಟಿಗೆಯಲ್ಲಿರುವ ಹಳೆಯ ಪಾಸ್‌ಬುಕ್ ಕೊಟ್ಟು ಹೊಸತು ತೆಗೆದುಕೊಳ್ಳಿ.

ಕಾರ್ಡಿನ ಬಣ್ಣ ಮತ್ತು ಪಿಂಚಣಿಯ ಪರ್ಸೆಂಟ್

ವಿಕಲಚೇತನರ ಅರ್ಜಿಯಲ್ಲಿ ಎರಡು ಪೋರ್ಟಲ್ ಇವೆ, ಇದೇ ಗೊಂದಲದ ಮೂಲ. ಅಂಗವಿಕಲತೆಯ ಪ್ರಮಾಣ ಪತ್ರ ಮತ್ತು ಯುಡಿಐಡಿ ಕಾರ್ಡ್ ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಪಿಂಚಣಿ ರಾಜ್ಯ ಸರಕಾರದ್ದು, ನಾಡಕಚೇರಿಯಲ್ಲಿ ಅರ್ಜಿ, ಮಂಜೂರು ಮಾಡುವುದು ತಹಶೀಲ್ದಾರರ ಕಚೇರಿ. ಯುಡಿಐಡಿ ಬಂತು ಎಂದ ಕೂಡಲೇ ಪಿಂಚಣಿ ತಾನಾಗಿ ಬರುವುದಿಲ್ಲ. ಮೊದಲ ಕಡೆ ಅರ್ಜಿ ಹಾಕಿ, 'ಆಸ್ಪತ್ರೆಯಲ್ಲಿ ಬಾಕಿ' ಎಂದು ತೋರಿಸಿದರೆ ಅದು ಎರರ್ ಅಲ್ಲ. ನೀವು ಆರಿಸಿದ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು ಎಂದರ್ಥ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಹೋಗುವ ಮೊದಲು ಆ ವಿಭಾಗದ ತಜ್ಞರು ಯಾವ ದಿನ ಕೂರುತ್ತಾರೆ ಎಂದು ಕೇಳಿಕೊಂಡು ಹೋಗಿ. ಗಾಲಿಕುರ್ಚಿಯ ಮಗುವನ್ನು ಬಾಡಿಗೆ ರಿಕ್ಷಾದಲ್ಲಿ ಕೂರಿಸಿ ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬರುವುದು ಎಂಥ ಕಷ್ಟ ಎಂದು ಆ ತಾಯಂದಿರಿಗೇ ಗೊತ್ತು.

2024ರ ಅಕ್ಟೋಬರಿನಲ್ಲಿ ಕೇಂದ್ರದ ನಿಯಮ ತಿದ್ದುಪಡಿಯಾಗಿ ಯುಡಿಐಡಿ ಕಾರ್ಡಿಗೆ ಬಣ್ಣ ಬಂತು. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಇದನ್ನು ನೋಡಿ 'ಹಳದಿಗೆ ಇಷ್ಟೇ, ನೀಲಿಗೆ ಮಾತ್ರ ದೊಡ್ಡ ಪಿಂಚಣಿ' ಎಂಬ ಮಾತು ಹಬ್ಬಿದೆ. ಅದು ತಪ್ಪು. ರಾಜ್ಯದ ಪಿಂಚಣಿ ಬಣ್ಣ ನೋಡುವುದಿಲ್ಲ, ಪರ್ಸೆಂಟ್ ನೋಡುತ್ತದೆ. ಶೇ. 40ರಿಂದ 75ರ ಒಳಗಿನವರಿಗೆ ತಿಂಗಳಿಗೆ 800 ರೂ., 75ಕ್ಕಿಂತ ಹೆಚ್ಚಿದ್ದರೆ 1,400 ರೂ. ಅಂದರೆ ಶೇ. 78 ಇರುವವರ ಕಾರ್ಡ್ ಹಳದಿಯೇ ಆದರೂ ಅವರು 1,400 ರೂ. ಸಾಲಿನಲ್ಲೇ ಬರುತ್ತಾರೆ. ಅರ್ಜಿಯಲ್ಲಿ ಪರ್ಸೆಂಟ್ ಕಾಲಂ ಯಾರು ತುಂಬಿದರು, ಎಷ್ಟು ತುಂಬಿದರು ಎಂದು ನೋಡಿಕೊಳ್ಳಿ. ಹಳೆಯ ಕಾಗದದ ಪ್ರಮಾಣ ಪತ್ರ ಇರುವವರು ಅದನ್ನು ಯುಡಿಐಡಿಗೆ ಸೇರಿಸಿಕೊಳ್ಳಬೇಕು. ತಾತ್ಕಾಲಿಕ ಪತ್ರ ಆಗಿದ್ದರೆ ಅದರ ಅವಧಿಯ ತಾರೀಕು ನೋಡಿ.

ಈ ಕೆಲಸಕ್ಕೆಂದೇ ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಹಲವರು ಸ್ವತಃ ವಿಕಲಚೇತನರು. ಸೈಬರಿಗೆ ಹೋಗುವ ಮೊದಲು ಅವರ ಫೋನ್ ನಂಬರ್ ಪಂಚಾಯತಿನಲ್ಲಿ ಕೇಳಿ.

ಕೋರ್ಟಿನ ಮಾತೂ ಒಂದಿದೆ. ಬ್ಯಾಂಕಿನ ಡಿಜಿಟಲ್ ಕೆವೈಸಿಯಲ್ಲಿ 'ಕಣ್ಣು ಮಿಟುಕಿಸಿ' ಎಂದು ಕೇಳುತ್ತದೆ. ಆಸಿಡ್ ದಾಳಿಗೆ ಒಳಗಾಗಿ ಕಣ್ಣಿಗೆ ಗಾಯವಾದ ಪ್ರಜ್ಞಾ ಪ್ರಸೂನ್ ಅವರಿಗೆ ಅದು ಆಗಲಿಲ್ಲ. ಅವರೂ, ಅಂಧ ವಕೀಲ ಅಮರ್ ಜೈನ್ ಅವರೂ ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ, ಡಿಜಿಟಲ್ ಸೇವೆ ಎಲ್ಲರ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಕೆವೈಸಿಗೆ ಕಣ್ಣು ಮಿಟುಕಿಸುವುದಲ್ಲದ ಬೇರೆ ದಾರಿಯೂ ಇರಬೇಕು ಎಂದಿತು. ಕೌಂಟರಿನಲ್ಲಿ 'ಸಿಸ್ಟಂ ತೆಗೆದುಕೊಳ್ಳುವುದಿಲ್ಲ' ಅಂದಾಗ ಈ ತೀರ್ಪಿನ ದಿನಾಂಕ ಬರೆದ ಒಂದು ಚೀಟಿ ಕೈಯಲ್ಲಿದ್ದರೆ ಮಾತಿನ ದನಿ ಬದಲಾಗುತ್ತದೆ.

ಬರೆಸಿಕೊಳ್ಳಿ

ದಾಖಲೆ ಸರಿಪಡಿಸಿಯೂ ಅರ್ಜಿ ಮುಂದೆ ಹೋಗದಿದ್ದರೆ ಮಾಡಬೇಕಾದದ್ದು ಒಂದೇ: ಸ್ಕ್ರೀನಿನ 'ಇಲ್ಲ'ವನ್ನು ಕಾಗದದ 'ಇಲ್ಲ' ಮಾಡಿಸುವುದು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಇಷ್ಟು ದಿನ ಎಂದು ಗಡುವು ಇದೆ. ಅಧಿಕಾರಿ ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂ.ನಂತೆ 500 ರೂ. ತನಕ ಪರಿಹಾರವೂ ಇದೆ. ಹಣ ಸಣ್ಣದು, ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗುವುದಾದ್ದರಿಂದ ಅದರ ತೂಕವೇ ಬೇರೆ. ದೂರು ಕೊಡಲು ರಾಜ್ಯದ ಜನಸ್ಪಂದನ ಸಹಾಯವಾಣಿ 1902, ಆಧಾರ್‌ಗೆ 1947. ಕರೆ ಮಾಡಿದಾಗ ದೂರಿನ ನಂಬರ್ ಬರೆದುಕೊಳ್ಳದಿದ್ದರೆ ಕರೆ ಮಾಡಿಯೂ ಮಾಡದ ಹಾಗೆ. ಅದೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂ., ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. 'ನನ್ನ ಇಂತಿಂಥ ನಂಬರಿನ ಅರ್ಜಿ ಇಂದು ಯಾರ ಮೇಜಿನಲ್ಲಿದೆ, ಯಾವ ಕಾರಣಕ್ಕೆ' ಎಂಬ ಒಂದೇ ವಾಕ್ಯ ಸಾಕು.

'500 ಕೊಡಿ, ಒಳಗಿಂದ ಮಾಡಿಸುತ್ತೇನೆ' ಅನ್ನುವವರನ್ನು ನಂಬಬೇಡಿ. ಎನ್‌ಎಡಿಯ ಒಳಗೆ, ಎನ್‌ಪಿಸಿಐ ಒಳಗೆ ಬ್ರೋಕರಿಗೆ ಬಾಗಿಲಿಲ್ಲ. ನೀವೇ ಕೊಡಬೇಕಾದ ಅರ್ಜಿಯನ್ನು ಕೊಟ್ಟು ಹಣ ತೆಗೆದುಕೊಳ್ಳುತ್ತಾನೆ, ಇಲ್ಲವೇ ಏನೂ ಮಾಡುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ಬರುವ 'ಯುವನಿಧಿ ಸ್ಥಿತಿ ನೋಡಿ' ಲಿಂಕ್ ಒತ್ತಬೇಡಿ. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಇಲ್ಲದಿದ್ದರೆ ಅದು ಸರಕಾರದ್ದಲ್ಲ. ಒಟಿಪಿ ಹೇಳಿ ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ.

ಜಮಾಅತಿನವರಲ್ಲಿ ಒಂದು ಕೇಳಿಕೆ. ದೊಡ್ಡ ಕ್ಯಾಂಪ್, ಬ್ಯಾನರ್, ಅತಿಥಿಗಳ ಫೋಟೋ ಬೇಡ. ಮದ್ರಸದಲ್ಲಿ ವಾರಕ್ಕೊಂದು ದಿನ ಮಗ್ರಿಬ್ ಬಳಿಕ ಒಂದು ಗಂಟೆ ಇಬ್ಬರು ಡಿಗ್ರಿ ಹುಡುಗರು ಒಂದು ಲ್ಯಾಪ್‌ಟಾಪ್ ಇಟ್ಟು ಕೂತರೆ ಸಾಕು. ಹೆಂಗಸರಿಗೆ ಬೇರೆ ಹೊತ್ತು, ಹುಡುಗಿಯರೇ ಕೂರಲಿ. ಒಂದು ದಪ್ಪ ಪುಸ್ತಕದಲ್ಲಿ ಮನೆ ಹೆಸರು, ಅರ್ಜಿ ನಂಬರ್, ಬಂದ ಎರರ್‌ನ ಮಾತು ಇದ್ದ ಹಾಗೆ, ಮುಂದೆ ಹೋಗಬೇಕಾದ ಕಚೇರಿ ಮತ್ತು ತಾರೀಕು ಬರೆದಿಡಲಿ. ಒಂದೇ ಕಾಲೇಜಿನ ಹತ್ತು ಮಕ್ಕಳ ಪದವಿ ಎನ್‌ಎಡಿಯಲ್ಲಿ ಇಲ್ಲ ಎಂದು ಆ ಪುಸ್ತಕದಲ್ಲಿ ಕಂಡರೆ ಹತ್ತು ಮನೆಯವರು ಹತ್ತು ಸಲ ಕೊಣಾಜೆಗೆ ಬಸ್ ಹತ್ತಬೇಕಾಗಿಲ್ಲ, ಹತ್ತು ಹೆಸರಿನ ಒಂದು ಮನವಿ ಹಿಡಿದು ಇಬ್ಬರು ಹೋಗಿ ಸೀಲ್ ಹಾಕಿಸಿಕೊಂಡು ಬರಬಹುದು.